ಅರ್ಜಿಯ ವಿವರಗಳನ್ನು ದತ್ತಸಂಚಯದಲ್ಲಿ ದಾಖಲಿಸುವ ಕ್ರಮ: ಪ್ಯಾರಾಮೀಟರ್ ಸಹಿತ ಎಸ್‌ಕ್ಯೂಎಲ್ ಆದೇಶಗಳು

(ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪಹಣಿ, ಖಾತೆ ಬದಲಾವಣೆ, ಜಾತಿ ಹಾಗೂ ಆದಾಯ ಪ್ರಮಾಣಪತ್ರ ಮೊದಲಾದ ಸೇವೆಗಳಿಗಾಗಿ ಸಾರ್ವಜನಿಕರು ನೀಡುವ ವಿವರಗಳು ಇಂದು ಗಣಕದ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ, ದಾಖಲಾಗುತ್ತವೆ. ಹಿಂದೆ ವಹಿಯಲ್ಲಿ ಲೇಖನಿಯಿಂದ ಬರೆಯುತ್ತಿದ್ದ ನಮೂದನ್ನು ಈಗ ಒಂದು ಗಣಕ ಆದೇಶವು ಬರೆಯುತ್ತದೆ. ಸದರಿ ಆದೇಶವನ್ನು ಯಾವ ಕ್ರಮದಲ್ಲಿ ರಚಿಸಬೇಕು, ಆ ಕ್ರಮವು ಅರ್ಜಿದಾರರಿಗೆ ಯಾವ ರಕ್ಷಣೆ ನೀಡುತ್ತದೆ, ಯಾವುದನ್ನು ಅರ್ಜಿದಾರರೇ ಪರಿಶೀಲಿಸಿಕೊಳ್ಳಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ವಿವರಣೆಯ ಅನುಕೂಲಕ್ಕಾಗಿ ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು, ಸಿದ್ದಾಪುರ ಗ್ರಾಮದ ಅರ್ಜಿದಾರರೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳಲಾಗಿದೆ. ಉದಾಹರಣೆಯಲ್ಲಿನ ವ್ಯಕ್ತಿಯ ಹೆಸರು, ಸರ್ವೆ ನಂಬರು ಮತ್ತು ಗ್ರಾಮ ಸಂಕೇತ ಕಲ್ಪಿತವಾದವು.

ಈ ವಿಷಯದ ಮೂಲತತ್ವ ಇಷ್ಟೇ: ಅರ್ಜಿದಾರರು ಬರೆದ ವಿವರವು ಬರೆದಂತೆಯೇ ದಾಖಲಾಗತಕ್ಕದ್ದು, ಅದು ಯಾವ ಸಂದರ್ಭದಲ್ಲಿಯೂ ಗಣಕಕ್ಕೆ ನೀಡಿದ ಆದೇಶವಾಗಿ ಮಾರ್ಪಡತಕ್ಕದ್ದಲ್ಲ.

2. ಹಿನ್ನೆಲೆ

ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣವು 'ಭೂಮಿ' ಯೋಜನೆಯ ಮೂಲಕ ನಡೆಯಿತು. ಕಂದಾಯ ಇಲಾಖೆಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ತಂತ್ರಾಂಶವನ್ನು ಸಿದ್ಧಪಡಿಸಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 2002ರ ವೇಳೆಗೆ ಕೈಬರಹದ ಪಹಣಿಯ ವಿತರಣೆ ನಿಂತು, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ರೂ. 15 ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯುವ ವ್ಯವಸ್ಥೆ ಬಂದಿತು.

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದ ಮೇರೆಗೆ, ಹಕ್ಕುದಾಖಲೆಯಲ್ಲಿನ ನಮೂದನ್ನು ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಸತ್ಯವೆಂದು ಭಾವಿಸಲಾಗುತ್ತದೆ. ಬೆಳೆಸಾಲ, ಬೆಳೆವಿಮೆ, ಪರಿಹಾರ, ಕ್ರಯ, ವಿಭಾಗ ಇವೆಲ್ಲಕ್ಕೂ ಸದರಿ ನಮೂದೇ ಆಧಾರ. ಆದುದರಿಂದ ದತ್ತಸಂಚಯಕ್ಕೆ ತಪ್ಪಾಗಿ ಸೇರಿದ ಒಂದು ಅಂಕಿಯನ್ನು ಸುಳ್ಳೆಂದು ತೋರಿಸುವ ಹೊಣೆ ಆ ನಮೂದಿನಿಂದ ಬಾಧಿತನಾದ ರೈತನ ಮೇಲೆಯೇ ಬೀಳುತ್ತದೆ. ದಾಖಲಿಸುವ ಕ್ರಮದ ಮಹತ್ವ ಇರುವುದು ಇಲ್ಲಿಯೇ.

3. ಎಸ್‌ಕ್ಯೂಎಲ್ ಆದೇಶ ಎಂದರೇನು?

ದತ್ತಸಂಚಯದಲ್ಲಿ ಮಾಹಿತಿಯು ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿ ಇರುತ್ತದೆ. ಒಂದು ಅರ್ಜಿಗೆ ಒಂದು ಸಾಲು. ಹೆಸರು, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ ಇವುಗಳಿಗೆ ಒಂದೊಂದು ಅಂಕಣ. ಇಂತಹ ಕೋಷ್ಟಕಗಳ ಸಿದ್ಧಾಂತವನ್ನು ಇ.ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದರು. ಅದರ ಆಧಾರದ ಮೇಲೆ ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 1974ರಲ್ಲಿ ರೂಪಿಸಿದ ಆದೇಶ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾಯಿತು. 1986ರಲ್ಲಿ ಅದಕ್ಕೆ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು.

ಹೊಸ ಸಾಲನ್ನು ಸೇರಿಸುವ ಆದೇಶಕ್ಕೆ 'ಇನ್ಸರ್ಟ್' ಎಂದು ಹೆಸರು. ಗಣಕದಲ್ಲಿ ಇದನ್ನು ರೋಮನ್ ಅಕ್ಷರಗಳಲ್ಲಿ ಬರೆಯಲಾಗುತ್ತದೆ. ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಡಲಾಗಿದೆ:

ಇನ್ಸರ್ಟ್ ಇಂಟು ಅರ್ಜಿ_ನೋಂದಣಿ (ಹೆಸರು, ಗ್ರಾಮ_ಸಂಕೇತ, ಸರ್ವೆ_ಹಿಸ್ಸಾ, ವಿಸ್ತೀರ್ಣ)
ವ್ಯಾಲ್ಯೂಸ್ ('ತಿಪ್ಪೇಸ್ವಾಮಿ', 101, '45/2', '2-25');

ಅರ್ಜಿ ನೋಂದಣಿ ಎಂಬ ಕೋಷ್ಟಕದಲ್ಲಿ ಒಂದು ಸಾಲನ್ನು ಸೇರಿಸಿ, ನಾಲ್ಕು ಅಂಕಣಗಳಲ್ಲಿ ಕ್ರಮವಾಗಿ ಈ ನಾಲ್ಕು ವಿವರಗಳನ್ನು ಬರೆಯಬೇಕು ಎಂಬುದು ಇದರ ಅರ್ಥ. ಅಕ್ಷರರೂಪದ ವಿವರವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಒಂಟಿ ಉದ್ಧರಣ ಚಿಹ್ನೆಗಳು ಸೂಚಿಸುತ್ತವೆ.

4. ಆದೇಶ ಮತ್ತು ವಿವರವನ್ನು ಜೋಡಿಸಿ ಬರೆಯುವುದರಿಂದ ಆಗುವ ದೋಷಗಳು

ಅರ್ಜಿದಾರರು ನಮೂನೆಯಲ್ಲಿ ತುಂಬಿದ ಅಕ್ಷರಗಳನ್ನು ತೆಗೆದುಕೊಂಡು, ಆದೇಶದ ವಾಕ್ಯದ ನಡುವೆ ಅಂಟಿಸಿ, ಒಟ್ಟು ವಾಕ್ಯವನ್ನು ದತ್ತಸಂಚಯಕ್ಕೆ ಕಳುಹಿಸುವುದು ಒಂದು ಪದ್ಧತಿ. ಇದು ಸುಲಭವೆಂದು ತೋರಿದರೂ ಇದರಲ್ಲಿ ಆದೇಶ ಯಾವುದು, ವಿವರ ಯಾವುದು ಎಂಬ ಗಡಿಯೇ ಉಳಿಯುವುದಿಲ್ಲ. ಪರಿಣಾಮಗಳು ಈ ಕೆಳಕಂಡಂತಿವೆ.

(ಅ) ವಿಸ್ತೀರ್ಣ. 2 ಎಕರೆ 25 ಗುಂಟೆಯನ್ನು 2-25 ಎಂದು ಬರೆಯುವುದು ರೂಢಿ. ಉದ್ಧರಣ ಚಿಹ್ನೆ ಬಿಟ್ಟುಹೋದಲ್ಲಿ ಗಣಕವು ಇದನ್ನು ವ್ಯವಕಲನವೆಂದು ತಿಳಿದು 2ರಿಂದ 25 ಕಳೆದು, -23 ಎಂದು ದಾಖಲಿಸುತ್ತದೆ.

(ಆ) ಸರ್ವೆ ನಂಬರು. 45/2 ಎಂಬುದನ್ನು ಭಾಗಾಕಾರವೆಂದು ತಿಳಿದು ಕೆಲವು ದತ್ತಸಂಚಯಗಳು 22 ಎಂದೂ ಕೆಲವು 22.5 ಎಂದೂ ದಾಖಲಿಸುತ್ತವೆ. ಸರ್ವೆ ನಂಬರು 22 ಬೇರೊಬ್ಬರ ಜಮೀನು ಆಗಿರಬಹುದು.

(ಇ) ದಿನಾಂಕ. 2-4-2012 ಎಂಬುದು ಇದೇ ರೀತಿ -2014 ಆಗುತ್ತದೆ.

(ಈ) ಹೆಸರು. ಡಿ'ಸೋಜ ಎಂಬ ಹೆಸರಿನ ನಡುವೆ ಇರುವ ಚಿಹ್ನೆಯನ್ನು ಗಣಕವು ವಿವರದ ಮುಕ್ತಾಯವೆಂದು ಭಾವಿಸುತ್ತದೆ. ಉಳಿದ 'ಸೋಜ' ಎಂಬ ಅಕ್ಷರಗಳು ಅರ್ಥವಿಲ್ಲದ ಆದೇಶವಾಗಿ ನಿಂತು ಅರ್ಜಿಯೇ ತಿರಸ್ಕೃತವಾಗುತ್ತದೆ. ಅರ್ಜಿದಾರರ ಹೆಸರಿನಲ್ಲಿ ಯಾವ ದೋಷವೂ ಇಲ್ಲದಿದ್ದರೂ ಅವರಿಗೆ ಸೇವೆ ದೊರೆಯುವುದಿಲ್ಲ.

(ಉ) ದುರುದ್ದೇಶ. ಮೇಲಿನವು ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಆಗುವ ದೋಷಗಳು. ಉದ್ದೇಶಪೂರ್ವಕವಾಗಿ ಕೆಡಿಸುವವರು ಹೆಸರಿನ ಜಾಗದಲ್ಲಿ ಹೀಗೆ ಬರೆಯಬಲ್ಲರು:

ತಿಪ್ಪೇಸ್ವಾಮಿ', 101, '45/2', '9-25'); --

ಇಲ್ಲಿ ಹೆಸರಿನ ನಂತರದ ಚಿಹ್ನೆಯಿಂದ ವಿವರ ಮುಗಿಯುತ್ತದೆ. ಮುಂದಿನದೆಲ್ಲ ಆದೇಶದ ಭಾಗವಾಗುತ್ತದೆ. ಕೊನೆಯ ಎರಡು ಅಡ್ಡಗೆರೆಗಳು ಮುಂದಿನ ಬರಹವನ್ನು ನಿರ್ಲಕ್ಷಿಸುವಂತೆ ಗಣಕಕ್ಕೆ ತಿಳಿಸುತ್ತವೆ. ಹೀಗಾಗಿ ಕಚೇರಿಯು ಪರಿಶೀಲಿಸಿ ಕಳುಹಿಸಿದ 2-25ರ ಬದಲು 9-25 ದಾಖಲಾಗುತ್ತದೆ. ಇದೇ ದಾರಿಯಿಂದ ದಾಖಲೆಗಳನ್ನು ಓದುವುದು, ಅಳಿಸುವುದು ಸಹ ಸಾಧ್ಯ. ಇದನ್ನು 'ಎಸ್‌ಕ್ಯೂಎಲ್ ಇಂಜೆಕ್ಷನ್' ಎನ್ನುತ್ತಾರೆ.

ಈ ದೋಷದ ಬಗ್ಗೆ 1998ರಲ್ಲಿಯೇ ಬಹಿರಂಗವಾಗಿ ಬರೆಯಲಾಗಿತ್ತು. ಆದರೂ 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರಸಂಪರ್ಕ ಕಂಪನಿಯ 1,56,959 ಗ್ರಾಹಕರ ವಿವರಗಳು ಇದೇ ಮಾರ್ಗದಿಂದ ಕಳುವಾದವು. 2016ರಲ್ಲಿ ಆ ದೇಶದ ಮಾಹಿತಿ ಆಯುಕ್ತರ ಕಚೇರಿಯು ಕಂಪನಿಗೆ 4 ಲಕ್ಷ ಪೌಂಡ್ ದಂಡ ವಿಧಿಸಿತು. ಜಾಲ ತಂತ್ರಾಂಶಗಳ ಭದ್ರತೆಯನ್ನು ಕುರಿತು ಓವಾಸ್ಪ್ ಸಂಸ್ಥೆಯು ಪ್ರಕಟಿಸುವ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ 2010, 2013 ಮತ್ತು 2017ರಲ್ಲಿ ಇಂಜೆಕ್ಷನ್ ವರ್ಗದ ದೋಷಗಳಿಗೆ ಮೊದಲ ಸ್ಥಾನವಿತ್ತು.

5. ಪ್ಯಾರಾಮೀಟರ್ ಸಹಿತ ಆದೇಶ

ಮೇಲ್ಕಂಡ ದೋಷಗಳಿಗೆ ಪರಿಹಾರವೆಂದರೆ ಆದೇಶವನ್ನೂ ವಿವರವನ್ನೂ ಬೇರೆ ಬೇರೆಯಾಗಿ ಕಳುಹಿಸುವುದು. ಬ್ಯಾಂಕಿನ ಚಲನ್ ಇದಕ್ಕೆ ಹತ್ತಿರದ ಹೋಲಿಕೆ. ಚಲನ್‌ನಲ್ಲಿ ಮುದ್ರಿತವಾದ ಒಕ್ಕಣೆಯನ್ನು ಬ್ಯಾಂಕು ನಿಗದಿಪಡಿಸಿರುತ್ತದೆ. ಖಾತೆದಾರರು ಖಾಲಿ ಜಾಗಗಳನ್ನು ಮಾತ್ರ ತುಂಬುತ್ತಾರೆ. ಹೆಸರಿನ ಜಾಗದಲ್ಲಿ 'ಒಂದು ಲಕ್ಷ ರೂಪಾಯಿ ಕೊಡಿ' ಎಂದು ಬರೆದರೂ ಕೌಂಟರಿನವರು ಹಣ ಕೊಡುವುದಿಲ್ಲ. ಅದು ಹೆಸರಿನ ಜಾಗ, ಅಲ್ಲಿ ಬರೆದುದು ಹೆಸರು ಎಂದಷ್ಟೇ ಎಣಿಸುತ್ತಾರೆ. ಪ್ಯಾರಾಮೀಟರ್ ಎಂದರೆ ಆದೇಶದಲ್ಲಿ ಬಿಟ್ಟಿರುವ ಅಂತಹ ಖಾಲಿ ಜಾಗ.

ಇನ್ಸರ್ಟ್ ಇಂಟು ಅರ್ಜಿ_ನೋಂದಣಿ (ಹೆಸರು, ಗ್ರಾಮ_ಸಂಕೇತ, ಸರ್ವೆ_ಹಿಸ್ಸಾ, ವಿಸ್ತೀರ್ಣ)
ವ್ಯಾಲ್ಯೂಸ್ (?, ?, ?, ?);

ಕಾರ್ಯವಿಧಾನದ ಹಂತಗಳು:

ಮೊದಲನೆಯ ಹಂತ, ಸಿದ್ಧತೆ. ಖಾಲಿ ಜಾಗಗಳಿರುವ ಆದೇಶವನ್ನು ದತ್ತಸಂಚಯಕ್ಕೆ ನೀಡಲಾಗುತ್ತದೆ. ದತ್ತಸಂಚಯವು ಅದರ ವ್ಯಾಕರಣವನ್ನು ಪರಿಶೀಲಿಸಿ ಅರ್ಥವನ್ನು ನಿಶ್ಚಯಿಸುತ್ತದೆ. ಈ ಹಂತದಲ್ಲಿ ಅರ್ಜಿದಾರರ ಒಂದು ಅಕ್ಷರವೂ ಆದೇಶದಲ್ಲಿ ಇರುವುದಿಲ್ಲ.

ಎರಡನೆಯ ಹಂತ, ವಿವರಗಳ ಜೋಡಣೆ. ಪ್ರತಿಯೊಂದು ಜಾಗಕ್ಕೂ ಅದರ ವಿವರ ಮತ್ತು ವಿವರದ ಬಗೆಯನ್ನು ತಿಳಿಸಲಾಗುತ್ತದೆ: ಮೊದಲನೆಯದು ಅಕ್ಷರ, ಎರಡನೆಯದು ಪೂರ್ಣಾಂಕ, ಇತ್ಯಾದಿ.

ಮೂರನೆಯ ಹಂತ, ಜಾರಿ. ಈಗಾಗಲೇ ನಿಶ್ಚಯವಾದ ಅರ್ಥದಂತೆ ಆದೇಶವು ನಡೆಯುತ್ತದೆ. ವಿವರದಲ್ಲಿ ಯಾವ ಚಿಹ್ನೆ ಇದ್ದರೂ ಆದೇಶದ ಅರ್ಥ ಬದಲಾಗುವುದಿಲ್ಲ.

ಈ ಕ್ರಮದಲ್ಲಿ ಅಕ್ಷರವೆಂದು ತಿಳಿಸಿದ 2-25 ಎಂಬುದು 2-25 ಆಗಿಯೇ, ಡಿ'ಸೋಜ ಎಂಬುದು ಡಿ'ಸೋಜ ಆಗಿಯೇ ದಾಖಲಾಗುತ್ತದೆ. ಪಹಣಿಯಲ್ಲಿ ಸರ್ನಾಕ್ ಅಂಕಣದಲ್ಲಿ ಕಾಣುವ * ಎಂಬ ನಕ್ಷತ್ರ ಚಿಹ್ನೆಯು ಎಸ್‌ಕ್ಯೂಎಲ್ ಆದೇಶದ ಭಾಗವಾಗಿ ನಿಂತಾಗ 'ಎಲ್ಲಾ ಅಂಕಣಗಳು' ಎಂಬ ಅರ್ಥ ಕೊಡುತ್ತದೆ. ವಿವರವಾಗಿ ಬಂದಾಗ ಅದು ಬರಿಯ ನಕ್ಷತ್ರ ಚಿಹ್ನೆ. ಮೇಲೆ ತಿಳಿಸಿದ ದುರುದ್ದೇಶದ ಬರಹವೂ ಒಂದು ವಿಚಿತ್ರ ಹೆಸರಾಗಿ ಮಾತ್ರ ದಾಖಲಾಗಿ, ಪರಿಶೀಲನೆಯ ವೇಳೆ ಸಿಕ್ಕಿಬೀಳುತ್ತದೆ.

ಬಳಕೆಯಲ್ಲಿರುವ ಎಲ್ಲಾ ಪ್ರಮುಖ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ಸೌಲಭ್ಯವಿದೆ. ಜಾವಾದಲ್ಲಿ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಎಂಬ ಹೆಸರಿನಲ್ಲಿ ? ಚಿಹ್ನೆಯನ್ನೂ, ಡಾಟ್‌ನೆಟ್‌ನಲ್ಲಿ @ ಚಿಹ್ನೆಯಿಂದ ಆರಂಭವಾಗುವ ಹೆಸರನ್ನೂ, ಪಿಎಚ್‌ಪಿಯ ಪಿಡಿಒದಲ್ಲಿ ? ಅಥವಾ : ಚಿಹ್ನೆಯಿಂದ ಆರಂಭವಾಗುವ ಹೆಸರನ್ನೂ ಬಳಸಲಾಗುತ್ತದೆ. ಚಿಹ್ನೆ ಯಾವುದಾದರೂ ತತ್ವ ಒಂದೇ. ಸಾವಿರಾರು ಸಾಲುಗಳನ್ನು ಸೇರಿಸಬೇಕಾದಾಗ ಒಮ್ಮೆ ಸಿದ್ಧಪಡಿಸಿದ ಆದೇಶವನ್ನೇ ಮತ್ತೆ ಮತ್ತೆ ಬಳಸಬಹುದಾದ್ದರಿಂದ ಸಮಯವೂ ಉಳಿಯುತ್ತದೆ.

6. ಕನ್ನಡ ಅಕ್ಷರಗಳು ಮತ್ತು ಸ್ಥಳನಾಮಗಳು

ಯುನಿಕೋಡ್‌ಗೆ ಮೊದಲಿನ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಭಾಗಗಳಿಗೆ ಲ್ಯಾಟಿನ್ ಚಿಹ್ನೆಗಳ ಸಂಕೇತಗಳನ್ನೇ ಬಳಸಲಾಗುತ್ತಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿವೆ. ದತ್ತಸಂಚಯದ ಅಂಕಣವೂ ಪ್ಯಾರಾಮೀಟರಿನ ಬಗೆಯೂ ಯುನಿಕೋಡ್ ಆಗಿರತಕ್ಕದ್ದು. ಇಲ್ಲವಾದಲ್ಲಿ ಕೆಲವು ದತ್ತಸಂಚಯಗಳಲ್ಲಿ ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ದಾಖಲಾಗುತ್ತದೆ ಮತ್ತು ಮೂಲ ಹೆಸರನ್ನು ಅದರಿಂದ ಮರಳಿ ಪಡೆಯಲಾಗುವುದಿಲ್ಲ.

'ಸಿದ್ದಾಪುರ' ಎಂಬ ಪದವು ಕಣ್ಣಿಗೆ ನಾಲ್ಕು ಅಕ್ಷರವಾಗಿ ಕಾಣುತ್ತದೆ. ಗಣಕದಲ್ಲಿ ವ್ಯಂಜನ, ಸ್ವರಚಿಹ್ನೆ ಮತ್ತು ಹಲಂತ ಸೇರಿ 9 ಸಂಕೇತಗಳಾಗುತ್ತವೆ. ಯುಟಿಎಫ್-8 ವಿಧಾನದಲ್ಲಿ 27 ಬೈಟ್ ಸ್ಥಳ ಬೇಕಾಗುತ್ತದೆ. ಅಂಕಣದ ಅಗಲವನ್ನು ನಿಗದಿಪಡಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಲ್ಲಿ ಉದ್ದನೆಯ ಹೆಸರುಗಳ ಕೊನೆಯ ಭಾಗ ತುಂಡಾಗುವುದು ಅಥವಾ ಅರ್ಜಿ ತಿರಸ್ಕೃತವಾಗುವುದು.

ಅಲ್ಲದೆ 'ಸಿದ್ದಾಪುರ' ಮತ್ತು 'ಸಿದ್ಧಾಪುರ' ಗಣಕಕ್ಕೆ ಎರಡು ಬೇರೆ ಬೇರೆ ಪದಗಳು. ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವಂತೆ ಉತ್ತರ ಕನ್ನಡ, ಕೊಡಗು, ಉಡುಪಿ ಜಿಲ್ಲೆಗಳಲ್ಲಿಯೂ ಸಿದ್ದಾಪುರ ಎಂಬ ಊರುಗಳಿವೆ. ಈ ಕಾರಣದಿಂದ ಗ್ರಾಮದ ಹೆಸರನ್ನು ಟೈಪು ಮಾಡಿಸುವ ಬದಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಕ್ರಮದಲ್ಲಿ ಪಟ್ಟಿಯಿಂದ ಆರಿಸಿ, ಗ್ರಾಮದ ಸಂಕೇತ ಸಂಖ್ಯೆಯನ್ನು ಪ್ಯಾರಾಮೀಟರಾಗಿ ಕಳುಹಿಸುವುದು ಸರಿಯಾದ ಕ್ರಮ.

7. ಎರಡೂ ಬದಿಯ ನಮೂದು ಮತ್ತು ಬರೆದವರ ಗುರುತು

ಲೆಕ್ಕಪತ್ರದಲ್ಲಿ ಖರ್ಚು ಮತ್ತು ಜಮೆ ಎರಡೂ ಬದಿಯಲ್ಲಿ ನಮೂದಾಗದ ಹೊರತು ವಹಿವಾಟು ಪೂರ್ಣವಾಗುವುದಿಲ್ಲ. ಭೂದಾಖಲೆಯಲ್ಲಿಯೂ ಹಾಗೆಯೇ. 5 ಎಕರೆಯಲ್ಲಿ 2 ಎಕರೆ 25 ಗುಂಟೆ ಕ್ರಯವಾದಲ್ಲಿ, ಮಾರಿದವರ ಹೆಸರಿನಲ್ಲಿ 2 ಎಕರೆ 15 ಗುಂಟೆ ಉಳಿಸಿ, ಕೊಂಡವರ ಹೆಸರಿನಲ್ಲಿ ಹೊಸ ಸಾಲನ್ನು ಸೇರಿಸಬೇಕು. ನಡುವೆ ವಿದ್ಯುತ್ ನಿಂತು ಒಂದೇ ನಮೂದು ಉಳಿದರೆ ಜಮೀನಿನ ಲೆಕ್ಕ ತಪ್ಪುತ್ತದೆ. ಆದುದರಿಂದ ಇಂತಹ ಆದೇಶಗಳನ್ನು ಒಂದೇ ವಹಿವಾಟಾಗಿ ಕಟ್ಟಿ, ಎಲ್ಲವೂ ಯಶಸ್ವಿಯಾದಾಗ ಮಾತ್ರ 'ಕಮಿಟ್' ಎಂಬ ಆದೇಶದಿಂದ ಕಾಯಂಗೊಳಿಸಲಾಗುತ್ತದೆ. ಒಂದು ವಿಫಲವಾದರೂ 'ರೋಲ್‌ಬ್ಯಾಕ್' ಆದೇಶದಿಂದ ಎಲ್ಲವನ್ನೂ ಹಿಂದಿನ ಸ್ಥಿತಿಗೆ ತರಲಾಗುತ್ತದೆ.

ಪ್ರತಿ ಸಾಲಿನಲ್ಲಿ ಅದನ್ನು ದಾಖಲಿಸಿದವರು ಯಾರು, ಯಾವಾಗ ಎಂಬ ಅಂಕಣಗಳೂ ಇರತಕ್ಕದ್ದು. ಭೂಮಿ ತಂತ್ರಾಂಶದಲ್ಲಿ ಸಿಬ್ಬಂದಿಯ ಬೆರಳಚ್ಚಿನ ಗುರುತನ್ನು ಕಡ್ಡಾಯಗೊಳಿಸಿದ್ದು ಇದೇ ಉದ್ದೇಶದಿಂದ. ಸಿದ್ದಾಪುರದ ಪರಿಸರಕ್ಕೆ ಈ ಪದ್ಧತಿ ಹೊಸದಲ್ಲ. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಸರ್ಕಾರಿ ಆದೇಶಗಳು. ಅವುಗಳ ಕೊನೆಯಲ್ಲಿ ಬರೆದವನು ಚಪಡ ಎಂದು ನಮೂದಾಗಿದೆ. ಆದೇಶ ಯಾರದು, ಬರೆದವನು ಯಾರು ಎಂಬುದು ಕಲ್ಲಿನ ಮೇಲೆಯೇ ಬೇರೆ ಬೇರೆಯಾಗಿ ತಿಳಿಯುತ್ತದೆ.

8. ಈ ಕ್ರಮದ ಮಿತಿಗಳು

(1) ಪ್ಯಾರಾಮೀಟರು ವಿವರವನ್ನು ಕೊಟ್ಟಂತೆಯೇ ದಾಖಲಿಸುತ್ತದೆ. ಅದರ ಸತ್ಯಾಸತ್ಯತೆಯನ್ನು ಪರಿಶೀಲಿಸುವುದಿಲ್ಲ. 2 ಎಕರೆ 25 ಗುಂಟೆಯನ್ನು ಯಾರಾದರೂ ದಶಮಾಂಶವೆಂದು ತಿಳಿದು 2.25 ಎಕರೆ ಎಂದು ನಮೂದಿಸಿದಲ್ಲಿ, ಒಂದು ಎಕರೆಗೆ 40 ಗುಂಟೆಯಾದ್ದರಿಂದ ಅದು 2 ಎಕರೆ 10 ಗುಂಟೆ ಮಾತ್ರವಾಗಿ 15 ಗುಂಟೆ ಕಡಿಮೆಯಾಗುತ್ತದೆ. ಎಕರೆ ಮತ್ತು ಗುಂಟೆಗೆ ಪ್ರತ್ಯೇಕ ಅಂಕಣಗಳಿದ್ದು, ಗುಂಟೆಯು 40ಕ್ಕಿಂತ ಕಡಿಮೆ ಇರಬೇಕೆಂಬ ನಿರ್ಬಂಧ ಹಾಕುವುದು ಉತ್ತಮ.

(2) ಕೋಷ್ಟಕ ಅಥವಾ ಅಂಕಣದ ಹೆಸರನ್ನು ಪ್ಯಾರಾಮೀಟರಾಗಿ ಕಳುಹಿಸಲಾಗುವುದಿಲ್ಲ. ಅವುಗಳನ್ನು ತಂತ್ರಾಂಶದಲ್ಲಿಯೇ ನಿಗದಿಪಡಿಸಿದ ಪಟ್ಟಿಯಿಂದ ಆರಿಸತಕ್ಕದ್ದು.

(3) ಸುರಕ್ಷಿತವಾಗಿ ದಾಖಲಾದ ವಿವರವನ್ನು ಮುಂದೆ ಬೇರೊಂದು ಆದೇಶದಲ್ಲಿ ಅಂಟಿಸಿ ಬರೆದಲ್ಲಿ ಹಳೆಯ ಅಪಾಯವೇ ಮರಳುತ್ತದೆ. ಆದುದರಿಂದ ಸೇರಿಸುವಾಗ, ಹುಡುಕುವಾಗ, ತಿದ್ದುವಾಗ ಎಲ್ಲೆಡೆ ಇದೇ ಕ್ರಮ ಅಗತ್ಯ.

(4) ಅಧಿಕೃತ ಪ್ರವೇಶವುಳ್ಳವರೇ ತಪ್ಪು ವಿವರ ನಮೂದಿಸುವುದನ್ನು ಈ ಕ್ರಮ ತಡೆಯುವುದಿಲ್ಲ. ಅದಕ್ಕೆ ನೋಟಿಸು, ಆಕ್ಷೇಪಣೆ ಮತ್ತು ಮೇಲಧಿಕಾರಿಗಳ ಪ್ರಮಾಣೀಕರಣಗಳೇ ರಕ್ಷಣೆ.

9. ಅರ್ಜಿದಾರರು ಗಮನಿಸತಕ್ಕ ಅಂಶಗಳು

• ಹೆಸರನ್ನು ಆಧಾರ ದಾಖಲೆಯಲ್ಲಿರುವಂತೆಯೇ, ಇನಿಷಿಯಲ್ ಸಹಿತ ತಿಳಿಸಿರಿ.
• ಸಲ್ಲಿಸುವ ಮುನ್ನ ಪರದೆಯ ಮೇಲಿನ ಅಥವಾ ಮುದ್ರಿತ ವಿವರಗಳನ್ನು ಓದಿ ನೋಡಿರಿ. ಓದಲು ಬಾರದವರು ಓದಿಸಿ ಕೇಳಿಕೊಳ್ಳಿರಿ. ಗ್ರಾಮ, ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ ಇವುಗಳನ್ನು ವಿಶೇಷವಾಗಿ ಗಮನಿಸಿರಿ.
• ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದು ಕಾಯ್ದಿರಿಸಿಕೊಳ್ಳಿರಿ.
• ಖಾತೆ ಬದಲಾವಣೆಯ ನಂತರ ಹೊಸ ಪಹಣಿಯನ್ನು ಪಡೆದು ಹಳೆಯದರೊಂದಿಗೆ ಹೋಲಿಸಿ ನೋಡಿರಿ.
• ಖಾತೆ ಬದಲಾವಣೆಯ ಆದೇಶ ಅಥವಾ ಪ್ರಮಾಣೀಕೃತ ನಮೂದಿನಿಂದ ಬಾಧಿತರಾದವರು, ಭೂ ಕಂದಾಯ ಅಧಿನಿಯಮದ 136(2)ನೇ ಪ್ರಕರಣದ ಮೇರೆಗೆ, ಆದೇಶ ತಲುಪಿದ ಅಥವಾ ನಮೂದು ತಿಳಿದುಬಂದ ದಿನದಿಂದ 60 ದಿನಗಳ ಒಳಗೆ ಮೇಲ್ಮನವಿ ಸಲ್ಲಿಸಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಹೆಸರಿನಲ್ಲಿರುವ ಚಿಹ್ನೆಯನ್ನು ಗಣಕ ಒಪ್ಪುತ್ತಿಲ್ಲ. ಹೆಸರನ್ನು ಬದಲಿಸಿ ಬರೆಯಬಹುದೇ?
ಉತ್ತರ: ಬದಲಿಸಬೇಡಿರಿ. ದಾಖಲೆಗಳಲ್ಲಿ ಹೆಸರು ಹೊಂದಿಕೆಯಾಗದೆ ಮುಂದೆ ತೊಂದರೆಯಾಗಬಹುದು. ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಲಿಖಿತವಾಗಿ ತಿಳಿಸಿರಿ. ಸರಿಯಾದ ಕ್ರಮದಲ್ಲಿ ರಚಿತವಾದ ತಂತ್ರಾಂಶಕ್ಕೆ ಯಾವ ನ್ಯಾಯಬದ್ಧ ಹೆಸರೂ ತೊಡಕಾಗಬಾರದು.

ಪ್ರಶ್ನೆ: 'ಸಲ್ಲಿಸು' ಒತ್ತಿದ ನಂತರ ಸಂಪರ್ಕ ಕಡಿದುಹೋಯಿತು. ಮತ್ತೊಮ್ಮೆ ಸಲ್ಲಿಸಬೇಕೇ?
ಉತ್ತರ: ಕೂಡಲೇ ಬೇಡ. ಸಾಲು ದಾಖಲಾಗಿ ಉತ್ತರ ಮಾತ್ರ ತಲುಪದೆ ಇರಬಹುದು. ಮೊದಲು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿ, ದಾಖಲಾಗಿಲ್ಲವೆಂದು ಖಚಿತವಾದಲ್ಲಿ ಮಾತ್ರ ಮತ್ತೆ ಸಲ್ಲಿಸಿರಿ.

ಪ್ರಶ್ನೆ: ಪರದೆಯ ಮೇಲೆ ಕೋಷ್ಟಕದ ಹೆಸರು, ಆದೇಶದ ಸಾಲು ಮುಂತಾದವು ಕಾಣಿಸಿದರೆ?
ಉತ್ತರ: ಅದು ತಂತ್ರಾಂಶದಲ್ಲಿ ದೋಷವಿರುವುದರ ಸೂಚನೆ. ದಿನಾಂಕ, ವೇಳೆ ಸಹಿತ ಪರದೆಯ ಚಿತ್ರವನ್ನು ಸಂಬಂಧಪಟ್ಟ ಕಚೇರಿಗೆ ತಲುಪಿಸಿರಿ.

ಪ್ರಶ್ನೆ: ಜಾಲತಾಣ ಸುರಕ್ಷಿತವೇ ಎಂದು ತಿಳಿಯಲು ನಾನೇ ಇಂತಹ ಚಿಹ್ನೆಗಳನ್ನು ಬರೆದು ಪರೀಕ್ಷಿಸಬಹುದೇ?
ಉತ್ತರ: ಕೂಡದು. ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿ ದುರುದ್ದೇಶದಿಂದ ದತ್ತಾಂಶವನ್ನು ಕೆಡಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ನೇ ಪ್ರಕರಣದ ಮೇರೆಗೆ 3 ವರ್ಷಗಳವರೆಗೆ ಕಾರಾವಾಸ ಅಥವಾ ರೂ. 5 ಲಕ್ಷದವರೆಗೆ ಜುಲ್ಮಾನೆ ಅಥವಾ ಎರಡಕ್ಕೂ ಗುರಿಯಾಗಬಹುದಾದ ಅಪರಾಧ. ಸಂಶಯವಿದ್ದಲ್ಲಿ ಸಂಬಂಧಪಟ್ಟ ಕಚೇರಿಗೆ ಅಥವಾ 2004ರಿಂದ ಕಾರ್ಯನಿರ್ವಹಿಸುತ್ತಿರುವ ಸರ್ಟ್-ಇನ್ ಸಂಸ್ಥೆಗೆ ತಿಳಿಸಬಹುದು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ವಿಷಯದಲ್ಲಿ ಸಂಬಂಧಪಟ್ಟ ಅಧಿನಿಯಮ ಮತ್ತು ನಿಯಮಗಳೇ ಅಂತಿಮ. ಅರ್ಜಿಯ ನಮೂದುಗಳಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಸ್ವೀಕೃತಿಯೊಂದಿಗೆ ಆಯಾ ಗ್ರಾಮ ಆಡಳಿತ ಅಧಿಕಾರಿಗಳನ್ನು ಅಥವಾ ತಹಶೀಲ್ದಾರರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.